ಬೊಡ್ಡೆಗೂ ದಿಮ್ಮಿಗೂ ಜೋಡಿ ನೋಡುವ ಕೆಲಸ

ತೀರ್ಥಹಳ್ಳಿ, ಹೊಸನಗರದ ಕಡೆಯ ಮರಗಳ್ಳತನದ ಮೊಕದ್ದಮೆಗಳಲ್ಲಿ ತಜ್ಞರ ಮುಂದೆ ಬರುವ ಪ್ರಶ್ನೆ ಇಷ್ಟೇ: ಲಾರಿಯಲ್ಲಿ ಸಿಕ್ಕ ದಿಮ್ಮಿ ಕಾಡಿನಲ್ಲಿರುವ ಆ ಬೊಡ್ಡೆಯದೇ (ಮರ ಕಡಿದ ಮೇಲೆ ನೆಲದಲ್ಲಿ ಉಳಿದ ಬುಡದ್ದೇ) ಹೌದಾ? ಸಾಗವಾನಿ ಎಂದು ಹೇಳಿದರೆ ಜಾತಿ ಗೊತ್ತಾಯಿತು, ಮರ ಗೊತ್ತಾಗಲಿಲ್ಲ.

ಉಂಗುರ ಎಣಿಸಿ ‘ಎರಡೂ ಒಂದೇ’ ಎನ್ನುವ ವರದಿ ನಿಲ್ಲುವುದಿಲ್ಲ. ನೆಡುತೋಪಿನ ಸಾಗವಾನಿಗಳು ಒಂದೇ ವರ್ಷ ನೆಟ್ಟವು, ಒಂದೇ ಮಳೆ ಕಂಡವು. ಮಳೆ ಕೈಕೊಟ್ಟ ವರ್ಷದ ಸಣ್ಣ ಉಂಗುರ ಪಕ್ಕದ ಮರದಲ್ಲೂ ಅಲ್ಲೇ ಸಿಗುತ್ತದೆ. ಬೀಟೆಯಲ್ಲಂತೂ ಉಂಗುರದ ಗೆರೆಯೇ ಮಸುಕು. ಹಾಗಾಗಿ ನಾನು ಮೊದಲು ನೋಡುವುದು ಮರ ಹರಿದ ಜಾಗವನ್ನು. ಬೀಳಿಸುವ ಕಡೆ ಕಚ್ಚು ಹಾಕಿ ಹಿಂದಿನಿಂದ ಗರಗಸ ಎಳೆದಾಗ ನಡುವೆ ಒಂದು ಪಟ್ಟಿ ಉಳಿಯುತ್ತದೆ. ಮರ ವಾಲುವಾಗ ಅದು ಕೊಯ್ದು ಹೋಗುವುದಿಲ್ಲ, ಕಿತ್ತು ಹೋಗುತ್ತದೆ. ಬೊಡ್ಡೆಯಲ್ಲಿ ಎದ್ದು ನಿಂತ ಸಿಬಿರುಗಳಿಗೆ ದಿಮ್ಮಿಯ ತಳದಲ್ಲಿ ಸರಿಯಾದ ಗುಳಿಗಳಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಬೇಕಿಲ್ಲ.

ಆದರೆ ಕಳ್ಳರು ದಿಮ್ಮಿಯ ತಳವನ್ನು ಮತ್ತೊಮ್ಮೆ ಕೊಯ್ದು ಸಪಾಟು ಮಾಡಿರುತ್ತಾರೆ. ಆಗ ಉಳಿಯುವುದು ಚೇಗಿನ, ಅಂದರೆ ಒಳಗಿನ ಗಾಢಬಣ್ಣದ ಗಟ್ಟಿ ಮರದ, ಅಂಚಿನ ಆಕಾರ, ತಿರುಳು (ಉಂಗುರಗಳ ನಟ್ಟನಡುವಿನ ಚುಕ್ಕೆ) ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದು, ಟೊಳ್ಳು, ಹಳೆಯ ಗಾಯ ಮುಚ್ಚಿಕೊಂಡ ಗುರುತು, ಹುಳು ಕೊರೆದ ದಾರಿ. ಇಳಿಜಾರಿನ ಮರಗಳಲ್ಲಿ ಗುಡ್ಡದ ಮೇಲ್ಮಗ್ಗುಲಿನ ಉಂಗುರಗಳು ಹೆಚ್ಚಾಗಿ ಅಗಲ, ತಿರುಳು ಕೆಳಮಗ್ಗುಲಿಗೆ ಸರಿದಿರುತ್ತದೆ. ಅದಕ್ಕೇ ಬೊಡ್ಡೆಯ ಮೇಲೆ ಉತ್ತರ ದಿಕ್ಕನ್ನೂ ಏರುಮಗ್ಗುಲನ್ನೂ ಗುರುತು ಹಾಕದೆ ಏನನ್ನೂ ಮುಟ್ಟಬಾರದು.

ಮುಟ್ಟುವ ಮುಂಚೆ ಫೋಟೊ. ಕ್ಯಾಮೆರಾ ಕೊಯ್ದ ಮುಖಕ್ಕೆ ಸಮಾನಾಂತರವಾಗಿರಲಿ, ಅಡ್ಡಕ್ಕೊಂದು ಉದ್ದಕ್ಕೊಂದು ಅಳತೆಪಟ್ಟಿ ಇರಲಿ. ಆಮೇಲೆ ಟಾರ್ಚನ್ನು ಪಕ್ಕದಿಂದ ತಗ್ಗಿಸಿ ಹಿಡಿದು ಮತ್ತೊಂದು ಸುತ್ತು. ಕೊಡಲಿ ಬಾಯಿಯ ಮುಕ್ಕು ಬಿಟ್ಟ ಗೀರುಗಳು ಓರೆ ಬೆಳಕಿಗೆ ಮಾತ್ರ ಏಳುತ್ತವೆ. ಗೀರುಗಳ ಅಚ್ಚನ್ನು ಸಿಲಿಕೋನ್‌ನಲ್ಲಿ ತೆಗೆಯುತ್ತೇನೆ. ಜಪ್ತಿಯಾದ ಕೊಡಲಿಯನ್ನು ಆ ಕಚ್ಚಿನೊಳಗೆ ಇಟ್ಟು ನೋಡುವುದು ಮಾತ್ರ ಬೇಡವೇ ಬೇಡ. ಗುರುತೂ ಹಾಳು, ಪಾಟೀಸವಾಲಿನಲ್ಲಿ ‘ಗುರುತು ಆಗ ಬಿದ್ದದ್ದು’ ಎಂಬ ವಾದಕ್ಕೂ ದಾರಿ.

ಬೊಡ್ಡೆಯಿಂದ 7–8 ಸೆಂ.ಮೀ. ದಪ್ಪದ ಬಿಲ್ಲೆ ತೆಗೆಯಬೇಕು. ಅದಕ್ಕಿಂತ ತೆಳುವಾದರೆ ಒಣಗುವಾಗ ಸೀಳುತ್ತದೆ. ಸುತ್ತಲಿನ ಎರಡು ಮೂರು ಬೊಡ್ಡೆಗಳ ಬಿಲ್ಲೆಯೂ ಬೇಕು. ‘ಪಕ್ಕದ ಮರ ಏಕಲ್ಲ?’ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಕಾಗದದಲ್ಲಿ ಸುತ್ತಿ, ಬಟ್ಟೆಚೀಲದಲ್ಲಿ ಹಾಕಿ, ಪಂಚರ (ಮಹಜರಿನ ಸಾಕ್ಷಿಗಳ) ಸಹಿಯ ಚೀಟಿಯೊಂದಿಗೆ ಅರಗಿನ ಮೊಹರು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೆವೆತು ಬೂಷ್ಟು ಹಿಡಿಯುತ್ತದೆ. ಆಗುಂಬೆ ಕಡೆಯ ಜುಲೈ ಮಳೆಯಲ್ಲಿ ಕೊಯ್ದ ಮುಖವೇ ಕೆಲವು ದಿನಗಳಲ್ಲಿ ಕಪ್ಪಾಗುತ್ತದೆ, ತಡಮಾಡುವ ಹಾಗಿಲ್ಲ. ಹೊನ್ನೆಯಾದರೆ ಕೆಂಪು ಸೋನೆ ಮುಖದ ಮೇಲೆಲ್ಲ ಹರಿದಿರುತ್ತದೆ, ಉಜ್ಜಿ ತೆಗೆಯಲು ಹೋಗಬೇಡಿ.

ಹೋಲಿಸುವಾಗ ಎರಡು ಕಡೆ ಎಡವುತ್ತಾರೆ. ಒಂದು, ಬೊಡ್ಡೆಯ ಮೇಲ್ಮುಖ ಮತ್ತು ದಿಮ್ಮಿಯ ತಳಮುಖ ಒಂದಕ್ಕೊಂದು ಕನ್ನಡಿಬಿಂಬ. ಪಾರದರ್ಶಕ ಹಾಳೆಯ ಮೇಲೆ ಗೆರೆ ಎತ್ತಿಕೊಂಡು ಒಂದನ್ನು ಮಗುಚದೇ ಇಟ್ಟರೆ ಜೋಡಿ ಕೂರುವುದೇ ಇಲ್ಲ. ಇನ್ನೊಂದು ಅಳತೆ. ಬೊಡ್ಡೆ ಬೇರಿನ ನೀರಿನಲ್ಲಿ ಹಸಿಯಾಗಿಯೇ ಇರುತ್ತದೆ, ದಿಮ್ಮಿ ಶೆಡ್ಡಿನಲ್ಲಿ ಒಣಗುತ್ತದೆ. ಸಾಗವಾನಿ ಪೂರ್ತಿ ಒಣಗುವಾಗ ಉಂಗುರದ ಗುಂಟ ಸುಮಾರು 5–6 ಶೇಕಡಾ, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5 ಶೇಕಡಾ ಕುಗ್ಗುತ್ತದೆ. ಈ ವ್ಯತ್ಯಾಸವೇ ಬಿರುಕಿಗೆ ಕಾರಣ. ಸುತ್ತಳತೆ ಹೊಂದಲಿಲ್ಲವೆಂದು ಕೈಬಿಡದೆ, ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಉಂಗುರ ಎಂದು ಎಣಿಸಿ. ಚೈನ್‌ಸಾ ಒಂದೊಂದು ಕೊಯ್ತಕ್ಕೆ ಸುಮಾರು 8 ಮಿ.ಮೀ. ತಿನ್ನುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಬಿರು ಗುಳಿಗೆ ಕೂತಿದ್ದರೆ ಮಾತ್ರ ‘ಒಂದೇ ಮರದ ಭಾಗಗಳು’ ಎಂದು ಬರೆಯುತ್ತೇನೆ. ಆಕಾರ, ಗಾಯ, ಟೊಳ್ಳು ಹೊಂದಿ ಹರಿದ ಜಾಗ ಸಿಗದಿದ್ದರೆ ‘ಹೊಂದುತ್ತವೆ, ಬೇರೆ ಮರವೆನ್ನುವ ವ್ಯತ್ಯಾಸ ಕಾಣಲಿಲ್ಲ’ ಎಂದಷ್ಟೇ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 39ನೇ ಕಲಮು ಕೇಳುವುದು ತಜ್ಞರ ಅಭಿಪ್ರಾಯವನ್ನು. ಆ ಅಭಿಪ್ರಾಯದ ಕಾರಣಗಳನ್ನು ನ್ಯಾಯಾಧೀಶರು ತಾವೇ ಕಣ್ಣಾರೆ ನೋಡುವಂತೆ, ಮಗುಚಿದ ಹಾಳೆಯನ್ನೂ ಪಕ್ಕದ ಬೊಡ್ಡೆಗಳ ಬಿಲ್ಲೆಯನ್ನೂ ವರದಿಯ ಜೊತೆಗೇ ಕಳಿಸುತ್ತೇನೆ.