ಅಮೆರಿಕಕ್ಕೆ ಎಷ್ಟು ತಾಸು? ಟಿಕೆಟ್ ಅಂಗಡಿಯಲ್ಲಿ ನಾನು ಹಾಕುವ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನನ್ನದು ವಿಮಾನ, ರೈಲಿನ ಟಿಕೆಟ್ ಕಾಯ್ದಿರಿಸುವ ಸಣ್ಣ ಅಂಗಡಿ. ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಡುವ ಹಿರಿಯರು ದರಕ್ಕಿಂತ ಮೊದಲು ಕೇಳುವುದು, "ಎಷ್ಟು ತಾಸು ಕೂಡಬೇಕು ತಮ್ಮಾ?" ಎಂದು.

ಬಾಯಲ್ಲಿ ಹೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಅದಕ್ಕೇ ಮೇಜಿನ ಮೇಲೊಂದು ಗ್ಲೋಬ್, ಒಂದು ದಾರ ಇಟ್ಟಿದ್ದೇನೆ. ಗೋಡೆಯ ನಕಾಶೆ ನೋಡಿ ರೂಢಿಯಾದವರು ವಿಮಾನ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ ಎಂದುಕೊಂಡಿರುತ್ತಾರೆ. ಬೆಂಗಳೂರಿನಿಂದ ದಾರವನ್ನು ಬಿಗಿಯಾಗಿ ಎಳೆದರೆ ಅದು ಟಿಬೆಟ್, ಸೈಬೀರಿಯಾದ ಮೇಲೆ ಹಾದು ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಅಷ್ಟೇ ದಾರವನ್ನು ಭೂಮಧ್ಯರೇಖೆಗೆ ಹಿಡಿದರೆ ಸುತ್ತಳತೆಯ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಪೂರ್ತಿ ಸುತ್ತು 40,075 ಕಿ.ಮೀ. ಆದ್ದರಿಂದ ನಮ್ಮ ದೂರ ಸುಮಾರು 14,000 ಕಿ.ಮೀ.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ತಾಸು. ಆದರೆ ವಿಮಾನ ದಾರದ ಗೆರೆಯ ಮೇಲೆಯೇ ಹೋಗುವುದಿಲ್ಲ. ಗಾಳಿ, ಎತ್ತರದ ಪರ್ವತಗಳು, ದೇಶಗಳ ಅನುಮತಿ ನೋಡಿಕೊಂಡು ದಾರಿ ಬದಲಾಗುತ್ತದೆ. ನಾನು ಹದಿನಾರರಿಂದ ಹದಿನೇಳೂವರೆ ತಾಸು ಎಂದು ಹೇಳಿಬಿಡುತ್ತೇನೆ.

ಇನ್ನು ಟಿಕೆಟ್‌ನಲ್ಲಿರುವ ಸಮಯ. ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ನೇರವಾಗಿ ಕಳೆದರೆ ದಾರಿ ತಪ್ಪುವುದು ಖಂಡಿತ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರಲ್ಲ, ನಾನು ಕೊಡುವ ಉದಾಹರಣೆ ಅದೇ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟದ್ದು 9ರ ರಾತ್ರಿ ಎಂಟೂವರೆಗೆ, ಇಲ್ಲಿ ಇಳಿದದ್ದು 11ರ ನಸುಕಿನ ಮೂರರ ಸುಮಾರಿಗೆ. ನೋಡಿದರೆ ಮೂವತ್ತು ತಾಸು! ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ತಾಸು ಮುಂದಿರುತ್ತೇವೆ. ಅವರು ಹೊರಟಾಗ ನಮ್ಮಲ್ಲಿ 10ರ ಬೆಳಿಗ್ಗೆ ಹತ್ತು. ಅಲ್ಲಿಂದ ಎಣಿಸಿದರೆ ಹದಿನೇಳು ತಾಸು. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದವರು ಗಡಿಯಾರ ಒಂದು ತಾಸು ಮುಂದಿಡುತ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ.

ದುಬೈ ಮೇಲೆ ಹೋದರೆ ಬಹಳ ಸುತ್ತಾಗುತ್ತದೆ ಎಂಬ ಮಾತನ್ನು ಅಷ್ಟಾಗಿ ಒಪ್ಪಲಾರೆ. ಬೆಂಗಳೂರು–ದುಬೈ ಸುಮಾರು 2,700, ಅಲ್ಲಿಂದ ಮುಂದೆ 13,000 ಕಿ.ಮೀ. ಹೆಚ್ಚುವರಿ ಹಾರಾಟ ಎರಡು ತಾಸಿನಷ್ಟು ಮಾತ್ರ. ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಕಾಲು ಬಾವು ಬರುವವರಿಗೆ ನಾಲ್ಕು ತಾಸಿನ ತಂಗುವಿಕೆ ಒಳ್ಳೆಯದೇ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರಿಗೆ ಮಾತ್ರ, ದರ ಹೆಚ್ಚಾದರೂ ನೇರ ವಿಮಾನ ಸಿಗುತ್ತದೆಯೇ ಎಂದು ಮೊದಲು ನೋಡುತ್ತೇನೆ. ವ್ಹೀಲ್‌ಚೇರ್ ಬೇಕೆಂದು ಟಿಕೆಟ್‌ನಲ್ಲೇ ಬರೆಸುತ್ತೇನೆ. "ನನಗೇನು ನಡೆಯಲು ಬರುವುದಿಲ್ಲವೇ?" ಎಂದು ಮುನಿಸಿಕೊಳ್ಳುವವರಿದ್ದಾರೆ. ನಡೆಯಲು ಬಂದರೂ, ಗೇಟಿನವರೆಗೆ ಜೊತೆಗೊಬ್ಬರು ಬರುತ್ತಾರೆ ಎಂದು ಹೇಳಿದರೆ ಸುಮ್ಮನಾಗುತ್ತಾರೆ.

ಕೊನೆಗೆ ನಮ್ಮೂರಿನ ಪಾಲನ್ನು ಸೇರಿಸುತ್ತೇನೆ: ಬೆಂಗಳೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಅಥವಾ ಸ್ಲೀಪರ್ ಬಸ್ಸಿನಲ್ಲಿ ಒಂದು ರಾತ್ರಿ, ಮೆಜೆಸ್ಟಿಕ್‌ನಿಂದ ದೇವನಹಳ್ಳಿಯವರೆಗೆ ವಾಯುವಜ್ರ ಬಸ್, ವಿಮಾನಕ್ಕೆ ನಾಲ್ಕು ತಾಸು ಮುಂಚೆ ಹಾಜರಿ, ಅಲ್ಲಿ ಇಳಿದ ಮೇಲೆ ವಲಸೆ ತಪಾಸಣೆಯ ಸಾಲು. ಮನೆಯಿಂದ ಮನೆಗೆ ಒಂದೂವರೆ ದಿನಕ್ಕಿಂತ ಕಡಿಮೆ ಎಂದು ನಾನು ಯಾರಿಗೂ ಹೇಳುವುದಿಲ್ಲ.