ಅಜ್ಜಿಯ ಕೌದಿಗೆ ನಾನು ತೇಪೆ ಹಾಕಿದ್ದು

ಕೌದಿ ನನ್ನ ಪಾಲಿಗೆ ಬಂದಾಗ ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: ಮೊದಲು ಒಗೆದು ಹಾಕು. ನಾನು ಒಗೆಯಲಿಲ್ಲ. ಜೀರ್ಣವಾದ ಹತ್ತಿಬಟ್ಟೆ ನೀರು ಕುಡಿದರೆ ಎತ್ತುವಾಗ ತನ್ನ ಭಾರಕ್ಕೇ ಹರಿಯುತ್ತದೆ. ಜೊತೆಗೆ ಬಣ್ಣದ ಭಯ. ಬಿಳಿ ಅರಿವೆಯನ್ನು ಒದ್ದೆ ಮಾಡಿ ಒಂದೊಂದು ತುಂಡಿನ ಮೂಲೆಗೂ ಒತ್ತಿ ಹಿಡಿದೆ. ಕೆಂಪು ತುಂಡುಗಳು ಬಣ್ಣ ಬಿಟ್ಟವು. ನೀರಿನ ಯೋಚನೆ ಅಲ್ಲಿಗೇ ಬಿಟ್ಟೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ಚೂರು ಕಟ್ಟಿ, ತೀರಾ ಕಡಿಮೆ ವೇಗದಲ್ಲಿ ದೂಳು ತೆಗೆದೆ, ಅಷ್ಟೇ.

ಹರಕಿನೊಳಗೆ ಇಣುಕಿದರೆ ಇನ್ನೊಂದು ಕೌದಿ! ಮುತ್ತಜ್ಜಿಯದು ಸವೆದಾಗ ಅಜ್ಜಿ ಅದನ್ನೇ ಒಳಗಿಟ್ಟು ಮೇಲೆ ಹೊಸ ಪದರ ಹೊಲಿದಿದ್ದಾಳೆ. ಒಳಗಿನ ಹೊಲಿಗೆ ಎಳ್ಳಿನಷ್ಟು ಸಣ್ಣದು, ಅಜ್ಜಿಯದು ಉದ್ದುದ್ದ, ಅವಸರದ್ದು. ಒಂದು ತೇಪೆಯ ಎಳೆಯನ್ನು ಸುಟ್ಟು ನೋಡಿದೆ. ಹತ್ತಿಯಾಗಿದ್ದರೆ ಕಾಗದದಂತೆ ಉರಿದು ಬೂದಿಯಾಗಬೇಕಿತ್ತು; ಇದು ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್. ಆ ನೂಲು ಬ್ರಿಟನ್ನಿನಲ್ಲಿ ಹುಟ್ಟಿದ್ದೇ 1941ರಲ್ಲಿ, ಹಾಗಾಗಿ ಆ ತೇಪೆ ಮುತ್ತಜ್ಜಿಯ ಕಾಲದ್ದಲ್ಲ, ಬಹುಶಃ ಅಮ್ಮನ ಕೈಯದು.

ಕಾಡಿದ್ದು ಕಪ್ಪು, ಕಂದು ಅಚ್ಚಿನ ಭಾಗಗಳು. ಪಕ್ಕದ ಬಟ್ಟೆ ಗಟ್ಟಿ ಇದ್ದರೂ ಅಚ್ಚು ಬಿದ್ದಲ್ಲಿ ಮಾತ್ರ ಪುಡಿ ಉದುರುತ್ತಿತ್ತು. ಹಿಂದೆ ಈ ಬಣ್ಣಗಳಿಗೆ ಕಬ್ಬಿಣದ ಲವಣ ಬಳಸುತ್ತಿದ್ದರು. ಅದು ನಿಧಾನವಾಗಿ ಹತ್ತಿಯ ನಾರನ್ನು ತಿನ್ನುತ್ತದೆ. ಅಂಥ ಜಾಗಕ್ಕೆ ಸೂಜಿ ಚುಚ್ಚಿದರೆ ಇನ್ನಷ್ಟು ತೂತು. ಅದಕ್ಕೇ ಅದರ ಮೇಲೆ ತೆಳು ಮಲ್‌ಮಲ್ ಹಾಸಿ, ಸುತ್ತಲಿನ ಗಟ್ಟಿ ಬಟ್ಟೆಗೆ ಮಾತ್ರ ಹೊಲಿದೆ. ಕೆಳಗಿನ ಅಚ್ಚು ಮಸುಕಾಗಿ ಕಾಣುತ್ತದೆ, ಕಾಣಲಿ.

ದಾರದ ವಿಷಯದಲ್ಲಿ ನಾನು ಹಟಮಾರಿ. ಪಾಲಿಯೆಸ್ಟರ್ ದಾರ ಬಾಳಿಕೆಯದೇ, ಆದರೆ ಜಗ್ಗಾಟದಲ್ಲಿ ಅದು ಉಳಿದು ಹಳೆ ಬಟ್ಟೆ ಸೀಳುತ್ತದೆ. ತೆಳ್ಳನೆಯ ಹತ್ತಿ ದಾರವಾದರೆ ತಾನೇ ಕಡಿದುಹೋಗುತ್ತದೆ, ಮತ್ತೆ ಹೊಲಿದರಾಯಿತು. ತೇಪೆಗೆ ಅಮ್ಮನ ಹಳೇ ಸೀರೆ ತೆಗೆದುಕೊಂಡೆ; ಒಗೆದೊಗೆದು ಕುಗ್ಗುವಷ್ಟು ಕುಗ್ಗಿದ ಬಟ್ಟೆ ಅದು. ಹಳೆಯದರಲ್ಲಿ ಒಂದು ಚೂರನ್ನೂ ಕತ್ತರಿಸಲಿಲ್ಲ. ನನ್ನ ಹೊಲಿಗೆ ಬಿಚ್ಚಿದರೆ ಅಜ್ಜಿಯದು ಇದ್ದ ಹಾಗೇ ಸಿಗಬೇಕು.

ಈಗ ಪ್ಲಾಸ್ಟಿಕ್ ಚೀಲ ಬಿಟ್ಟು, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಬರಿ ಮರದ ಹಲಗೆಗೆ ತಾಗಿಸುವುದಿಲ್ಲ, ಮರದ ಆಮ್ಲ ಬಟ್ಟೆಯನ್ನು ಹಳದಿಯಾಗಿಸುತ್ತದೆ. ಆಗಾಗ ತೆಗೆದು ಮಡಿಕೆಯ ಗೆರೆ ಬದಲಿಸುತ್ತೇನೆ. ತಂಗಿಗೆ ಇದೆಲ್ಲ ಅತಿಯೆನಿಸುತ್ತದೆ. ಹೊದೆಯದ ಕೌದಿ ಯಾಕೆ ಎನ್ನುತ್ತಾಳೆ. ಅವಳಿಗೆಂದು ಬೇರೆಯೊಂದು ಹೊಲಿಯುತ್ತಿದ್ದೇನೆ, ಅದನ್ನು ಬೇಕಾದಷ್ಟು ಹೊದೆಯಲಿ.