ಮಾತು ಬಿಟ್ಟ ಮೂರು ವಾರ, ಒಂದು ಸಿರಿಂಜ್

ಹದಿನಾಲ್ಕು ವರ್ಷದಿಂದ ಮೆಡಿಸಿನ್ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ. ಹೊಸದಾಗಿ ಸೇರುವ ಹುಡುಗಿಯರು ಕೆಲಸವನ್ನು ಬೇಗ ಕಲಿತುಬಿಡುತ್ತಾರೆ. ಜೊತೆಯವರ ಮೇಲೆ ಬೇಜಾರಾದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿರಲಿಲ್ಲ.

ಒಮ್ಮೆ ಹ್ಯಾಂಡೋವರ್ ಹೊತ್ತಿಗೆ, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹೊತ್ತಿಗೆ, ಸೀನಿಯರ್ ಒಬ್ಬರು ರೋಗಿಯ ಮನೆಯವರ ಮುಂದೆಯೇ ನನ್ನನ್ನು ಬೈದರು. ಯೂರಿನ್ ಔಟ್‌ಪುಟ್ ಬರೆದಿರಲಿಲ್ಲ, ತಪ್ಪು ನನ್ನದೇ. ಆದರೂ ಅವಮಾನ ತಡೆಯಲಾಗಲಿಲ್ಲ. ಮೂರು ವಾರ ಮಾತು ಬಿಟ್ಟೆ.

ಮೂರನೇ ವಾರದ ಒಂದು ನೈಟ್‌ನಲ್ಲಿ ಇನ್ಸುಲಿನ್ ಎಳೆದೆ. ಕೊಡುವ ಮೊದಲು ಇನ್ನೊಬ್ಬರಿಗೆ ತೋರಿಸಬೇಕು ಅಂತ ಗೊತ್ತಿತ್ತು. ಆದರೆ ಜೊತೆಗಿದ್ದದ್ದು ಆ ಸೀನಿಯರ್ ಒಬ್ಬರೇ. ಕೇಳಲು ಮನಸ್ಸು ಬರಲಿಲ್ಲ. ಬೆಡ್ ಹತ್ತಿರ ಹೋದಾಗ ಟ್ರೇಯಲ್ಲಿದ್ದ ಮುಚ್ಚಳ ಕಣ್ಣಿಗೆ ಬಿತ್ತು. ಕಿತ್ತಳೆ ಬಣ್ಣ! ಅಂದರೆ 100ರ ಸಿರಿಂಜ್, ಒಂದು ಎಂ.ಎಲ್.ನಲ್ಲಿ 100 ಯೂನಿಟ್ ಇರುವ ಇನ್ಸುಲಿನ್‌ಗೆ ಮಾಡಿದ್ದು. ಇನ್ಸುಲಿನ್ ವೈಲ್ (ಸೀಸೆ) 40ರದು, ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ್ದೇ ಬೇಕು. ಹಾಗೇ ಕೊಟ್ಟಿದ್ದರೆ 20 ಯೂನಿಟ್ ಬದಲು 8 ಯೂನಿಟ್ ಹೋಗುತ್ತಿತ್ತು. ಕೈ ನಡುಗಿತು. ವಾಪಸ್ ಬಂದು ಅವರಿಗೇ ತೋರಿಸಿದೆ. ಅವರು ಬೈಯಲಿಲ್ಲ. ಸರಿಯಾದ ಸಿರಿಂಜ್ ತೆಗೆದುಕೊಟ್ಟು, "ಈಗ ಎಳಿ, ನಾನು ನೋಡ್ತೀನಿ" ಅಂದರು.

ಅವತ್ತಿನಿಂದ ಬೇಜಾರನ್ನು ಮರುದಿನಕ್ಕಿಂತ ಆಚೆಗೆ ಇಟ್ಟುಕೊಂಡಿಲ್ಲ. ಕೋಪ ಕುದಿಯುವಾಗ ಮಾತಾಡಬೇಡಿ. ನೀರು ಕುಡಿಯಿರಿ, ಡ್ಯೂಟಿ ಮುಗಿಯಲಿ. ಆಮೇಲೆ ಡ್ಯೂಟಿ ರೂಮ್‌ಗೆ ಹೋಗಿ ಅವರೊಬ್ಬರೇ ಇರುವಾಗ ಹೇಳಿ. "ಅಕ್ಕಾ, ಬೆಳಿಗ್ಗೆ ರೋಗಿಯ ಮನೆಯವರ ಮುಂದೆ ಬೈದ್ರಿ. ಆಮೇಲೆ ಅವರು ನನ್ನ ಮಾತೇ ಕೇಳ್ತಿಲ್ಲ. ತಪ್ಪಿದ್ರೆ ಒಳಗೆ ಕರೆದು ಹೇಳಿ." ಇಷ್ಟು ಸಾಕು. ಏನಾಯಿತು, ಅದರಿಂದ ನಿಮಗೇನಾಯಿತು, ಮುಂದೆ ಏನು ಬೇಕು. "ನೀವು ಯಾವಾಗ್ಲೂ ಹೀಗೇ" ಅಂತ ಶುರು ಮಾಡಿದರೆ ಜಗಳವೇ ಆಗುತ್ತದೆ. ವಾರ್ಡ್‌ನ ವಾಟ್ಸಾಪ್ ಗ್ರೂಪ್‌ನಲ್ಲಂತೂ ಬರೆಯಲೇಬೇಡಿ.

ಹ್ಯಾಂಡೋವರ್ ಬೆಡ್ ಪಕ್ಕದಲ್ಲೇ ನಿಂತು ಕೊಡಿ. ಡ್ರಿಪ್, ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ), ಚಾರ್ಟ್ ಇಬ್ಬರೂ ಒಟ್ಟಿಗೆ ನೋಡಿದರೆ "ನೀನು ಹೇಳಲಿಲ್ಲ" ಅನ್ನುವ ಮಾತು ಅರ್ಧ ಕಡಿಮೆಯಾಗುತ್ತದೆ.

ರೋಗಿ ತೀರಿಕೊಂಡ ದಿನ ಕೆಲಸ ನಿಲ್ಲುವುದಿಲ್ಲ, ಅಲ್ವಾ? ದೇಹ ಕಳಿಸಿದ ತಕ್ಷಣ ಅದೇ ಬೆಡ್‌ಗೆ ಹೊಸ ಅಡ್ಮಿಷನ್. ಆಗ ಪಕ್ಕದವರನ್ನು ಕೇಳಿ, "ಐದು ನಿಮಿಷ ನನ್ನ ಬೆಡ್ ನೋಡ್ಕೊಳ್ತೀರಾ?" ಅಂತ. ಕೈ ತೊಳೆದು ಸುಮ್ನೆ ಕೂರಿ. ಅಳು ಬಂದರೆ ಅಳಿ. ನಾಳೆ ಅವರಿಗೆ ಹಾಗಾದರೆ, ಅವರು ಕೇಳುವ ಮೊದಲೇ ನೀವು ಹೋಗಿ ನಿಲ್ಲಿ.

ಲೈಂಗಿಕ ಕಿರುಕುಳ ಇದ್ದರೆ ಮಾತ್ರ ಈ ದಾರಿ ಬೇಡ. ಅದನ್ನು ಒಬ್ಬರೇ ಮಾತಾಡಿ ಸರಿಮಾಡಲು ಹೋಗಬೇಡಿ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ತಾರೀಕು, ಹೊತ್ತು ಬರೆದಿಟ್ಟುಕೊಂಡು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ.

ನಿದ್ದೆ ಬರುತ್ತಿಲ್ಲ, ಡ್ಯೂಟಿ ನೆನೆದರೇ ಎದೆ ಬಡಿದುಕೊಳ್ಳುತ್ತದೆ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ನೈಟ್ ಮುಗಿಸಿ ಬಸ್ ಸ್ಟ್ಯಾಂಡ್‌ನ ಕಲ್ಲು ಬೆಂಚಿನ ಮೇಲೆ ಕೂತು ನಾನೂ ಒಮ್ಮೆ ಮಾಡಿದ್ದೇನೆ. ಕನ್ನಡದಲ್ಲೇ ಮಾತಾಡಿದರು. ಎರಡು ಬಸ್ ಬಿಟ್ಟು ಮೂರನೆಯದಕ್ಕೆ ಹತ್ತಿದೆ.